ಬೇಲೂರಿನಿಂದ ಪಕ್ಷೇತರನಾಗಿ ಸ್ಪರ್ಧಿಸಲು ಗುತ್ತಿಗೆ ಕೆಲಸ ಅಡ್ಡಿಯಾಗುವುದೇ?

ತೋಟದಮನೆ (ಪ್ರಶ್ನೆ):
ನಮಸ್ಕಾರ. ನಾನು ಸಕಲೇಶಪುರ ಕ್ಷೇತ್ರದ ಮತದಾರ. ಅದು ಪರಿಶಿಷ್ಟ ಜಾತಿಗೆ ಮೀಸಲಾಗಿರುವುದರಿಂದ, ನೆಂಟರಿಷ್ಟರು ಹೆಚ್ಚಾಗಿರುವ ಬೇಲೂರಿನಿಂದ ಮುಂದಿನ ವಿಧಾನಸಭಾ ಚುನಾವಣೆಗೆ ಪಕ್ಷೇತರನಾಗಿ ನಿಲ್ಲಬೇಕೆಂದಿದ್ದೇನೆ. ಕಾಫಿ ತೋಟದ ಜೊತೆಗೆ ಸಣ್ಣಪುಟ್ಟ ಸರ್ಕಾರಿ ಕಾಮಗಾರಿಗಳನ್ನೂ ಮಾಡಿಸುತ್ತೇನೆ. ರಾಜ್ಯದ ಇಲಾಖೆಯೊಂದರ ಮೋರಿ ಕೆಲಸ ಮುಗಿದಿದೆ, ಬಿಲ್ಲು ಮಾತ್ರ ಬಾಕಿ ಇದೆ. ಗುತ್ತಿಗೆದಾರರು ಸ್ಪರ್ಧಿಸುವಂತಿಲ್ಲ ಎಂದು ಊರಿನವರು ಹೇಳುತ್ತಿರುವುದು ನಿಜವೇ?

ಹಾಸನದ ವಕೀಲ:
ಬೇರೆ ಕ್ಷೇತ್ರದ ಮತದಾರರೆಂಬುದು ತೊಡಕಲ್ಲ. 25 ವರ್ಷ ತುಂಬಿದ್ದು, ರಾಜ್ಯದ ಯಾವುದೇ ವಿಧಾನಸಭಾ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಪಟ್ಟಿಯ ದೃಢೀಕೃತ ಪ್ರತಿಯನ್ನು ಮಾತ್ರ ಹಾಜರುಪಡಿಸಬೇಕು. ಆದರೆ ಪಕ್ಷೇತರರಿಗೆ ಬೇಕಾದ 10 ಮಂದಿ ಸೂಚಕರು (ಅಭ್ಯರ್ಥಿಯ ಹೆಸರನ್ನು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು) ಬೇಲೂರು ಕ್ಷೇತ್ರದ ಮತದಾರರೇ ಆಗಿರಬೇಕು, ಆದ್ದರಿಂದ ಸಕಲೇಶಪುರದ ಸ್ನೇಹಿತರ ಸಹಿ ಉಪಯೋಗಕ್ಕೆ ಬಾರದು.

ಗುತ್ತಿಗೆಯ ವಿಷಯದಲ್ಲಿ ಊರಿನವರ ಮಾತು ಅರ್ಧ ನಿಜ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಮಿನ ಪ್ರಕಾರ, ರಾಜ್ಯ ಸರ್ಕಾರಕ್ಕೆ ಸರಕು ಒದಗಿಸುವ ಅಥವಾ ಅದರ ಕಾಮಗಾರಿ ನಡೆಸುವ ಒಪ್ಪಂದ ಜಾರಿಯಲ್ಲಿರುವವರೆಗೆ ಮಾತ್ರ ಅನರ್ಹತೆ. ಗುತ್ತಿಗೆದಾರನು ತನ್ನ ಪಾಲಿನ ಕೆಲಸವನ್ನು ಪೂರ್ಣಗೊಳಿಸಿದ್ದು, ಸರ್ಕಾರ ಹಣ ಕೊಡುವುದೊಂದೇ ಬಾಕಿಯಿದ್ದರೆ, ಆ ಒಪ್ಪಂದ ಜಾರಿಯಲ್ಲಿದೆ ಎಂದು ಪರಿಗಣಿಸುವುದಿಲ್ಲವೆಂದು ಅದೇ ಕಲಮಿನ ವಿವರಣೆ ಹೇಳುತ್ತದೆ. ಹಾಗೆಂದು ನಿಶ್ಚಿಂತರಾಗಬೇಡಿ: ಕೆಲಸ ಮುಗಿದ ನಂತರದ ನಿರ್ವಹಣಾ ಅವಧಿಯ ಹೊಣೆ ಒಪ್ಪಂದದಲ್ಲಿದ್ದರೆ ಎದುರಾಳಿಗಳು ಅದನ್ನೇ ಹಿಡಿದು ತಕರಾರು ತೆಗೆಯುತ್ತಾರೆ. ಆದ್ದರಿಂದ ಪೂರ್ಣಗೊಂಡ ಪ್ರಮಾಣಪತ್ರವನ್ನು ಈಗಲೇ ಪಡೆದುಕೊಳ್ಳಿ, ಚುನಾವಣೆ ಹತ್ತಿರವಾದಾಗ ಹೊಸ ಟೆಂಡರಿಗೆ ಕೈಹಾಕಬೇಡಿ.

ಕಡೂರಿನವನು:
ವಕೀಲರು ಹೇಳಿದ್ದಕ್ಕೆ ಲೆಕ್ಕದ ಭಾಗವನ್ನು ಸೇರಿಸುತ್ತೇನೆ. ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ ಅದರ ಅರ್ಧ. ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಾರದೆ ಸೋತರೆ ಅದು ಹೋದಂತೆಯೇ. ಪಕ್ಷೇತರರಲ್ಲಿ ಬಹುತೇಕರು ಠೇವಣಿಯ ಆಸೆಯನ್ನು ಮೊದಲೇ ಬಿಟ್ಟಿರುತ್ತಾರೆನ್ನಿ. ವೆಚ್ಚದ ಮಿತಿ 2022ರಿಂದ 40 ಲಕ್ಷ. ನಾಮಪತ್ರದ ಹಿಂದಿನ ದಿನದೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದಿರಬೇಕು. ಸೋತವರು ಸಾಮಾನ್ಯವಾಗಿ ಮರೆಯುವುದೆಂದರೆ, ಫಲಿತಾಂಶ ಘೋಷಣೆಯಾದ 30 ದಿನಗಳೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಖರ್ಚಿನ ಲೆಕ್ಕ ಒಪ್ಪಿಸುವುದು. ಸಕಾರಣವಿಲ್ಲದೆ ಒಪ್ಪಿಸದವರನ್ನು ಆಯೋಗವು 3 ವರ್ಷ ಅನರ್ಹಗೊಳಿಸಬಹುದು.

ತೋಟದಮನೆ:
ಇಬ್ಬರಿಗೂ ಧನ್ಯವಾದಗಳು. ನಾಮಪತ್ರವೇ ತಿರಸ್ಕೃತವಾಗುವ ಭಯ ಇನ್ನೂ ಇದೆ.

ಹಾಸನದ ವಕೀಲ:
ನಾಮಪತ್ರದ ಜೊತೆ ಕೊಡುವ, ಆಸ್ತಿ, ಸಾಲ, ಮೊಕದ್ದಮೆಗಳ ವಿವರವಿರುವ ನಮೂನೆ 26ರ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಯಾವ ಅಂಕಣವನ್ನೂ ಖಾಲಿ ಬಿಡದೆ, ಏನೂ ಇಲ್ಲದ ಕಡೆ 'ಇಲ್ಲ' ಅಥವಾ 'ಅನ್ವಯಿಸುವುದಿಲ್ಲ' ಎಂದು ಬರೆಯಿರಿ. ಖಾಲಿ ಜಾಗಗಳನ್ನು ತುಂಬುವಂತೆ ಸೂಚಿಸಿದ ಮೇಲೂ ತುಂಬದಿದ್ದರೆ ನಾಮಪತ್ರವನ್ನು ತಿರಸ್ಕರಿಸಬಹುದೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ನಾಮಪತ್ರ ಸಲ್ಲಿಸಿದ ಬಳಿಕ, ಪರಿಶೀಲನೆಯ ಹಿಂದಿನ ದಿನದೊಳಗೆ ಪ್ರಮಾಣವಚನ ಸ್ವೀಕರಿಸಿ ಸಹಿ ಹಾಕಬೇಕೆಂಬುದನ್ನೂ ಮರೆಯಬೇಡಿ. ಒಬ್ಬರು ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದಾದ್ದರಿಂದ, ಬೇರೆ ಹತ್ತು ಮಂದಿ ಸೂಚಕರಿರುವ ಎರಡನೆಯ ಪ್ರತಿಯನ್ನೂ ಕೊಡಿ; ಒಬ್ಬ ಸೂಚಕನ ಹೆಸರು ಪಟ್ಟಿಯಲ್ಲಿಲ್ಲವೆಂದು ಮೊದಲನೆಯದು ಬಿದ್ದರೂ ಎರಡನೆಯದು ನಿಲ್ಲುತ್ತದೆ.