ಪದ ಬೇಕು: ಸೋಂಕಿನ ನಡುವೆಯೇ ಆಕಾರ ಬದಲಿಸುವ ರಕ್ತದ ಪರಾವಲಂಬಿಗೆ ಏನನ್ನೋಣ?

ವಿಜಯಪುರದಿಂದ:
ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ದನದ ದವಾಖಾನೆಯ ಗೋಡೆಗೆ ಹಾಕುವ ಫ್ಲೆಕ್ಸ್‌ಗೆ ಕನ್ನಡ ಬರೆದುಕೊಡುತ್ತಿದ್ದೇನೆ. ಸೋಮವಾರ ಪ್ರಿಂಟಿಗೆ ಹೋಗುತ್ತದೆ. ಎಡಕ್ಕೆ ಆಫ್ರಿಕಾದ ಟ್ರಿಪನೊಸೋಮ ಬ್ರೂಸಿ ಎಂಬ ರಕ್ತದ ಪರಾವಲಂಬಿ. ದನದ ರಕ್ತದಲ್ಲಿ ಮೊದಲು ತೆಳ್ಳಗೆ, ಉದ್ದಕ್ಕಿದ್ದು ಒಂದು ಎರಡಾಗುತ್ತ ಹೆಚ್ಚುತ್ತದೆ. ತೀರಾ ಜಾಸ್ತಿಯಾದಾಗ ಗಿಡ್ಡ, ದಪ್ಪ ಆಗಿ ಹೆಚ್ಚುವುದನ್ನೇ ನಿಲ್ಲಿಸುತ್ತದೆ. ರೋಗ ಹರಡುವ ತ್ಸೆತ್ಸೆ ನೊಣದೊಳಗೆ ಬದುಕಲು ಸಿದ್ಧವಾಗಿರುವುದು ಈ ಗಿಡ್ಡವೇ. ಬಲಕ್ಕೆ ಅದೇ ಜಾತಿಯ ಇವಾನ್ಸಿ, ನಮ್ಮ ದೇಶದಲ್ಲಿ ದನ, ಎಮ್ಮೆಗಳಿಗೆ ಸರ್ರಾ ರೋಗ ತರುವುದು. ಅದು ಹೆಚ್ಚುಕಡಿಮೆ ತೆಳ್ಳಗೇ ಇರುತ್ತದೆ. ಬ್ರೂಸಿಯಂತೆ ಆಕಾರ ಬದಲಿಸುವ 'ಪ್ಲಿಯೊಮಾರ್ಫಿಕ್' ಗುಣಕ್ಕೆ ಸದ್ಯ 'ರೂಪಾಂತರಿ' ಅಂತ ಹಾಕಿದ್ದೇನೆ. ನಡೆಯುತ್ತಾ?

ಬೆಳಗಾವಿಯಿಂದ:
ನಡೆಯುವುದಿಲ್ಲ. ಕೊರೊನಾ ಬಂದಾಗಿನಿಂದ ರೂಪಾಂತರಿ ಅಂದರೆ ಹೊಸ ತಳಿ ಅಂತಲೇ ಜನ ತಿಳಿಯುತ್ತಾರೆ. ಇಲ್ಲಿ ತಳಿ ಒಂದೇ. 'ಹಲಪಾಂಗಿ' ಅನ್ನಿ. ಪಾಂಗು ಅಂದರೆ ರೂಪ, ಹಳಗನ್ನಡದ ಪದ; 'ರೂಪ' ಸಂಸ್ಕೃತದ ಎರವಲು. ಹೀಗೆ ಬಿಡುತ್ತ ಬಿಡುತ್ತಲೇ ನಮ್ಮ ಪದಗಳು ಸತ್ತವು.

ಬಾಗಲಕೋಟೆಯಿಂದ:
ಹಲಪಾಂಗಿ ಬೇಡ ಸರ್. ಎಮ್ಮೆ ಹಿಡ್ಕೊಂಡು ಬಂದವರು ಅದನ್ನು ಯಾವ ನಿಘಂಟಿನಲ್ಲಿ ಹುಡುಕಬೇಕು? 'ಬಹುರೂಪಿ' ಹಾಕಿ. ಹಗಲುವೇಷದವರು ನಮ್ಮೂರಿಗೆ ಬಂದರೆ ಇವತ್ತು ಹನುಮಪ್ಪ, ನಾಳೆ ರಾವಣ. ಆಳು ಅವನೇ ಅಲ್ವಾ? ಮತ್ತೆ ರೂಪ ಎರವಲು ಅಂತ ಅಷ್ಟು ಖಚಿತವಾಗಿ ಹೇಳಬೇಡಿ, ರೂಪ ಅನ್ನೋ ಅರ್ಥದ ತಮಿಳಿನ 'ಉರು' ನೋಡಿ.

ಬೆಳಗಾವಿಯಿಂದ:
ಉರುವಿನಿಂದ ರೂಪ ಅನ್ನೋದು ಬರೀ ಊಹೆ. ಇನ್ನು ಹಗಲುವೇಷದವರು ಬದಲಿಸುವುದು ಬಟ್ಟೆ, ಬಣ್ಣ. ಮೈ ಅಲ್ಲ. ಈ ಜೀವಿ ಬಟ್ಟೆ ಬದಲಿಸುವಂಥದ್ದನ್ನೂ ಮಾಡುತ್ತದೆ. ಮೈಮೇಲಿನ ಪ್ರೋಟೀನ್ ಹೊದಿಕೆಯನ್ನು ಬದಲಿಸುತ್ತ, ದನದ ಮೈಯ ಕಾವಲಿಗೆ ಗುರುತು ಸಿಗದೆ ಉಳಿಯುತ್ತದೆ. ಬಹುರೂಪಿ ಅಂದರೆ ಆಕಾರ ಬದಲಿಸುವುದು, ಹೊದಿಕೆ ಬದಲಿಸುವುದು ಎರಡೂ ಕಲಸಿಹೋಗುತ್ತವೆ.

ಬಾಗಲಕೋಟೆಯಿಂದ:
ಹೊದಿಕೆಯ ಮಾತು ನಿಜ, ನನಗೆ ಹೊಳೆದಿರಲಿಲ್ಲ. ಬಹುರೂಪಿ ಬಿಟ್ಟೆ. ಆದರೆ ಎರವಲಿನ ಮೇಲೆ ಇಷ್ಟು ಸಿಟ್ಟು ಸಲ್ಲದು. ಸರ್ರಾ ಎರವಲು. ಇವಾನ್ಸಿ ಅನ್ನೋದು 1880ರಲ್ಲಿ ಪಂಜಾಬಿನಲ್ಲಿ ಅದನ್ನು ಕಂಡ ಗ್ರಿಫಿತ್ ಇವಾನ್ಸ್ ಹೆಸರು. ಅವನ್ನೂ ಅಳಿಸುತ್ತೀರಾ?

ವಿಜಯಪುರದಿಂದ:
ಇಬ್ಬರಿಗೂ ಶರಣು. 'ಆಕಾರ ಬದಲಿಸುವ ಜೀವಿ' ಅಂತಲೇ ಬರೆಯುತ್ತೇನೆ. ಚಿತ್ರದ ಕೆಳಗೆ 'ಸಣಕಲು', 'ಮೋಟು'. ಸರೀನಾ?

ಬೆಳಗಾವಿಯಿಂದ:
ಆಕಾರವೂ ಎರವಲೇ. ಇರಲಿ. ಸಣಕಲು ಮಾತ್ರ ತಪ್ಪು. ಸಣಕಲು ಅಂದರೆ ಸೊರಗಿದ್ದು. ಇಲ್ಲಿ ತೆಳ್ಳಗಿರುವುದೇ ಹುರುಪಿನದು, ಹೆಚ್ಚುವುದೂ ಅದೇ. 'ನೀಳ' ಹಾಕಿ. ಮೋಟು ಚೆನ್ನಾಗಿದೆ. ನೀಳದ್ದಕ್ಕೆ ಚಾವಟಿಯಂಥ ಎಳೆ ಮೈಯಿಂದಾಚೆ ಚಾಚಿರುತ್ತದೆ, ಗಿಡ್ಡದ್ದಕ್ಕೆ ಹಾಗೆ ಚಾಚಿದ ತುದಿ ಇಲ್ಲ. ಮೋಟು ಬಾಲದ ಎತ್ತು ಅನ್ನುತ್ತೇವಲ್ಲ, ಹಾಗೆಯೇ.