ಪದಚರ್ಚೆ: ಔಷಧ ಹೊರುವ ನ್ಯಾನೊಕಣ ಟೊಳ್ಳೋ, ಪೊಳ್ಳೋ?

ಗೆಳೆಯರೇ,

ಕ್ಯಾನ್ಸರ್ ಚಿಕಿತ್ಸೆಯ ಬಗ್ಗೆ ರೋಗಿಯ ಮನೆಯವರು ಓದುವಂಥ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ‘ಹಾಲೋ ನ್ಯಾನೊಪಾರ್ಟಿಕಲ್’ಗಳ ವಿಷಯ ಬರುತ್ತದೆ. ಒಳಗೆ ಖಾಲಿ ಜಾಗವಿರುವ ಅತಿ ಸಣ್ಣ ಕಣಗಳು ಇವು. ಆ ಜಾಗದಲ್ಲಿ ಔಷಧ ತುಂಬಿ ರಕ್ತಕ್ಕೆ ಬಿಡುತ್ತಾರೆ. ಗಡ್ಡೆ ಇರುವಲ್ಲಿಗೆ ಹೋಗಿ ಅಲ್ಲೇ ಔಷಧ ಬಿಚ್ಚಿಕೊಳ್ಳಬೇಕು ಅನ್ನೋದು ಲೆಕ್ಕಾಚಾರ. ಈ ‘ಹಾಲೋ’ಗೆ ಮತ್ತು ‘ಟಾರ್ಗೆಟೆಡ್ ಡ್ರಗ್ ಡೆಲಿವರಿ’ಗೆ ಯಾವ ಪದ ಬಳಸೋಣ?

ಇದ್ದದ್ದರಲ್ಲಿ ‘ಟೊಳ್ಳು’ ವಾಸಿ ಅಂತ ನನಗನ್ನಿಸುತ್ತದೆ. ‘ಪೊಳ್ಳು’ ಅಂತೂ ಬೇಡವೇ ಬೇಡ. ಪೊಳ್ಳು ಭರವಸೆ, ಪೊಳ್ಳು ಆಶ್ವಾಸನೆ ಅಂತ ದಿನಾ ಕೇಳುವ ಕಿವಿಗೆ ‘ಪೊಳ್ಳು ಕಣದ ಔಷಧ’ ಅಂದರೆ ನಕಲಿ ಔಷಧ ಅಂತಲೇ ಕೇಳಿಸುತ್ತದೆ. ‘ಜೊಳ್ಳು’ ಅಂದರೆ ಕಾಳು ಕಟ್ಟದ್ದು, ತೂರಿ ಎಸೆಯುವಂಥದ್ದು. ‘ಸುಷಿರ’ ಅಂದರೆ ಕೊಳಲು, ನಾಗಸ್ವರ ಗೊತ್ತಿರುವವರಿಗೆ ಮಾತ್ರ ಅರ್ಥವಾದೀತು. ‘ಪೊಟರೆ’ ನನಗೆ ತುಂಬಾ ಇಷ್ಟ, ಅದರೊಳಗೆ ಗಿಳಿಯಾದರೂ ಇರುತ್ತದೆ. ಆದರೆ ಪೊಟರೆಗೆ ಬಾಯಿ ಇರಲೇಬೇಕು. ಈ ಕಣಗಳಲ್ಲಿ ಎಷ್ಟೋ ಸುತ್ತಲೂ ಮುಚ್ಚಿಕೊಂಡಿರುತ್ತವೆ. ಇನ್ನು ಮನೆ ಕಟ್ಟುವವರ ಬಾಯಲ್ಲಿ ‘ಹಾಲೋ ಬ್ಲಾಕ್’ ಎಂದೋ ಕನ್ನಡವಾಗಿದೆ, ಹಾಗಾಗಿ ‘ಹಾಲೋ’ವನ್ನೇ ಇಟ್ಟುಕೊಂಡರೂ ತಪ್ಪೇನಿಲ್ಲ.

‘ಟೊಳ್ಳು’ ಬಗ್ಗೆ ನನಗಿರುವ ಅಳುಕು ಒಂದೇ. ಅದರಲ್ಲಿ ಏನೋ ಕಳೆದುಹೋದ ದನಿ ಇದೆ: ಹುಳ ತಿಂದ ಮರ, ಹುಳುಕು ಹಲ್ಲು. ಇಲ್ಲಿ ಹಾಗಲ್ಲ, ಬೇಕೆಂದೇ ಖಾಲಿ ಬಿಡುತ್ತಾರೆ. ಎರಕ ಹೊಯ್ಯುವವರು ಮೇಣ ಕರಗಿಸಿ ತೆಗೆಯುವ ಹಾಗೆಯೇ ಕೆಲಸ ನಡೆಯುತ್ತದೆ. ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಪುಟ್ಟ ಮಣಿಯ ಮೇಲೆ ಸಿಲಿಕಾ (ಮರಳಿನಲ್ಲಿರುವ ವಸ್ತು) ಲೇಪಿಸುತ್ತಾರೆ. ಆಮೇಲೆ ಮಣಿಯನ್ನು ಸುಟ್ಟೋ ಕರಗಿಸಿಯೋ ತೆಗೆದುಬಿಡುತ್ತಾರೆ, ಚಿಪ್ಪು ಉಳಿಯುತ್ತದೆ. ಚಿನ್ನದಲ್ಲಿ ಇನ್ನೂ ಚೆಂದ. ಅಮೆರಿಕದಲ್ಲಿ ಯೂನಾನ್ ಷಿಯಾ ಅವರ ತಂಡ ಬೆಳ್ಳಿಯ ನ್ಯಾನೊಘನಗಳನ್ನು ಚಿನ್ನದ ಲವಣದ ದ್ರಾವಣಕ್ಕೆ ಹಾಕಿತು. ಬೆಳ್ಳಿ ಕರಗುತ್ತಾ ಹೋಯಿತು, ಅದರ ಜಾಗದಲ್ಲಿ ಚಿನ್ನ ಕೂರುತ್ತಾ ಬಂತು. ಕೊನೆಗೆ ಸಿಕ್ಕಿದ್ದು ಗೋಡೆಯಲ್ಲಿ ತೂತುಗಳಿರುವ ಚಿನ್ನದ ಪೆಟ್ಟಿಗೆ. ಇಂಗ್ಲಿಷಿನಲ್ಲಿ ಅದು ‘ನ್ಯಾನೊಕೇಜ್’. ಕನ್ನಡದಲ್ಲಿ ‘ನ್ಯಾನೊಗೂಡು’ ಅಂದರೆ ಸಾಕು, ಅಲ್ವಾ?

ಇನ್ನೊಂದು ಮಾತು. ರೋಗಿಯ ಮೈಗೆ ಹೋಗುವಾಗ ಇವು ಖಾಲಿ ಇರುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1995ರಲ್ಲಿ ಒಪ್ಪಿದ ಕ್ಯಾನ್ಸರ್ ಔಷಧ ಡಾಕ್ಸಿಲ್ ನೋಡಿ. ಅದು ಸುಮಾರು 100 ನ್ಯಾನೊಮೀಟರ್ ಅಗಲದ ಕೊಬ್ಬಿನ ಗುಳ್ಳೆ, ಅಂದರೆ ಲಿಪೋಸೋಮ್. ಒಳಗಿನ ನೀರಿನಲ್ಲಿ ಡಾಕ್ಸೊರುಬಿಸಿನ್ ಎಂಬ ಕೆಂಪು ಔಷಧ ಹರಳುಗಟ್ಟಿ ಕೂತಿರುತ್ತದೆ. ಈ ಔಷಧವನ್ನು ಹಾಗೇ ಕೊಟ್ಟರೆ ಹೃದಯಕ್ಕೆ ಪೆಟ್ಟು. ಗುಳ್ಳೆಯೊಳಗಿಟ್ಟು ಕೊಟ್ಟರೆ ಆ ಪೆಟ್ಟು ಕಡಿಮೆ. ಇಂಥ ತುಂಬಿದ ವಸ್ತುವನ್ನು ‘ಟೊಳ್ಳು’ ಅಂದರೆ ಓದುವವರಿಗೆ ಗೊಂದಲವಾಗದೇ? ಅದಕ್ಕೇ, ತಯಾರಿಕೆಯ ಮಾತು ಬಂದಾಗ ‘ಟೊಳ್ಳು ಕಣ’, ಚಿಕಿತ್ಸೆಯ ಮಾತು ಬಂದಾಗ ‘ಔಷಧ ತುಂಬಿದ ಕಣ’ ಅಂತ ಬರೆಯೋಣ ಅಂದುಕೊಂಡಿದ್ದೇನೆ.

‘ಟೊಳ್ಳು’ ಬೇರೆ, ‘ತೂತುತೂತಾದ’ದ್ದು ಬೇರೆ. ಇದನ್ನು ಬೆರೆಸಬಾರದು. ಮೊಬಿಲ್ ಕಂಪನಿಯವರು 1992ರಲ್ಲಿ ಪ್ರಕಟಿಸಿದ ಎಂಸಿಎಂ-41 ಸಿಲಿಕಾದ ತುಂಬಾ ಸಣ್ಣ ಸಣ್ಣ ನಾಳಗಳಿವೆ, ನಡುವೆ ಪೊಟರೆ ಇಲ್ಲ. 2001ರಲ್ಲಿ ಸ್ಪೇನಿನ ಮರಿಯಾ ವಾಲೆಟ್-ರೆಹಿ ತಂಡ ಐಬುಪ್ರೊಫೆನ್ ಎಂಬ ನೋವಿನ ಔಷಧ ತುಂಬಿದ್ದು ಆ ನಾಳಗಳಿಗೆ. ಆಮೇಲೆ ಬಂದ ಕೆಲವು ಸಿಲಿಕಾ ಕಣಗಳಲ್ಲಿ ನಡುವೆ ಟೊಳ್ಳೂ ಇದೆ, ಗೋಡೆಯಲ್ಲಿ ತೂತೂ ಇದೆ. ಎರಡಕ್ಕೂ ‘ರಂಧ್ರಮಯ’ ಅಂದುಬಿಟ್ಟರೆ ಔಷಧ ಎಲ್ಲಿ ಕೂತಿದೆ ಅನ್ನೋದೇ ತಿಳಿಯುವುದಿಲ್ಲ.

ಈಗ ‘ಡ್ರಗ್ ಡೆಲಿವರಿ’. ಕನ್ನಡ ಪೇಪರಿನಲ್ಲಿ ‘ಡ್ರಗ್’ ಅಂದರೆ ಗಾಂಜಾ, ಅಫೀಮು. ಮನೆಯಲ್ಲಿ ‘ಡೆಲಿವರಿ ಆಯ್ತಾ’ ಅಂದರೆ ಹೆರಿಗೆ. ‘ಔಷಧ ವಿತರಣೆ’ ಅಂದಕೂಡಲೇ ಉಚಿತ ಆರೋಗ್ಯ ಶಿಬಿರದ ನೆನಪು. ‘ಸಾಗಣೆ’ ಪರವಾಗಿಲ್ಲ, ಆದರೆ ಹೊತ್ತುಕೊಂಡು ಹೋಗಿ ಸುಮ್ನೆ ನಿಂತರೆ ಕೆಲಸ ಮುಗಿಯಲಿಲ್ಲ, ಔಷಧ ಹೊರಗೆ ಬರಬೇಕು. ‘ಔಷಧ ಮುಟ್ಟಿಸುವುದು’ ಎಂಬ ಕ್ರಿಯಾಪದವೇ ನನಗೆ ಹಿಡಿಸಿದೆ. ‘ಮದ್ದು ಮುಟ್ಟಿಸುವುದು’ ಇನ್ನೂ ಸಲೀಸು. ಆದರೆ ಹಳ್ಳಿ ಕಡೆ ‘ಮದ್ದು ಹಾಕಿದ್ರು’ ಅಂದರೆ ವಿಷ ಹಾಕಿದರು ಅಂತಲೂ ಆಗುತ್ತದೆ. ‘ಗುರಿ’ ಜೊತೆಗೆ ‘ಮದ್ದು’ ಸೇರಿದರಂತೂ ಬಂದೂಕಿನ ಮದ್ದುಗುಂಡೇ ಸರಿ.

‘ಗುರಿ’ ಪದದ ಬಗ್ಗೆ ನನಗೆ ನಿಜವಾಗಿ ಕಳವಳ ಇದೆ. ಗುರಿಯಿಟ್ಟ ಔಷಧ ಅಂದರೆ ಬೇರೆಲ್ಲೂ ಹೋಗುವುದಿಲ್ಲ ಅಂತ ಮನೆಯವರು ನಂಬುತ್ತಾರೆ. ನಿಜ ಹಾಗಿಲ್ಲ. ಗಡ್ಡೆಯ ರಕ್ತನಾಳಗಳು ಸೋರುತ್ತವೆ, ಅಲ್ಲಿ ಹೊರಬಿದ್ದ ದೊಡ್ಡ ಅಣುಗಳು ಅಲ್ಲೇ ಉಳಿಯುತ್ತವೆ ಅಂತ ಜಪಾನಿನ ಮಾತ್ಸುಮುರಾ ಮತ್ತು ಮಯೇದಾ 1986ರಲ್ಲಿ ತೋರಿಸಿದರು. ಎಷ್ಟೋ ನ್ಯಾನೊ ಔಷಧಗಳು ನೆಚ್ಚಿಕೊಂಡಿರುವುದು ಈ ಸೋರಿಕೆಯನ್ನೇ, ಅಲ್ಲಿ ಯಾರೂ ಗುರಿ ಹಿಡಿದಿಲ್ಲ. ಟೊರಾಂಟೊದ ವಾರೆನ್ ಚಾನ್ ತಂಡ ಹತ್ತು ವರ್ಷಗಳ ಪ್ರಾಣಿಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ 2016ರಲ್ಲಿ ಒಂದು ಲೆಕ್ಕ ಕೊಟ್ಟಿತು. ಗಡ್ಡೆಗೆ ಮುಟ್ಟಿದ್ದು ಕೊಟ್ಟ ನ್ಯಾನೊಕಣಗಳಲ್ಲಿ ಸುಮಾರು 0.7%. ಯಕೃತ್ತು, ಗುಲ್ಮಗಳು ಇಂಥ ಕಣಗಳನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತವೆ. ಹೀಗಿರುವಾಗ ‘ಗಡ್ಡೆಗೆ ಹೆಚ್ಚು ಮುಟ್ಟಿಸುವ ಪ್ರಯತ್ನ’ ಅಂತ ಉದ್ದಕ್ಕೆ ಬರೆದರೂ ಸರಿಯೇ. ಗಡ್ಡೆಯ ಕೋಶಗಳನ್ನು ಗುರುತಿಸಿ ಹಿಡಿದುಕೊಳ್ಳಲೆಂದು ಕಣದ ಮೈಮೇಲೆ ಪ್ರತಿಕಾಯವನ್ನೋ (ಆಂಟಿಬಾಡಿ) ಫೋಲೇಟನ್ನೋ (ಒಂದು ಬಿ ವಿಟಮಿನ್) ಅಂಟಿಸಿ ಕಳಿಸಿದಾಗ ಮಾತ್ರ ‘ಗುರಿ’ ಬಳಸೋಣ.

ಚಿನ್ನದ ಕೆಲಸ, ಎರಕದ ಕೆಲಸ ಬಲ್ಲವರು ಇಲ್ಲಿದ್ದರೆ ಒಂದು ಕೇಳಿಕೆ: ಒಳಗೆ ಬೇಕೆಂದೇ ಖಾಲಿ ಬಿಟ್ಟು ಮಾಡುವ ಬಳೆಗೆ, ಮೂರ್ತಿಗೆ ನಿಮ್ಮ ಕಡೆ ಏನನ್ನುತ್ತಾರೆ? ಕರಾವಳಿ, ಬಯಲುಸೀಮೆ, ಉತ್ತರ ಕರ್ನಾಟಕ, ಎಲ್ಲಿನ ಮಾತಾದರೂ ಆದೀತು. ಹುಳುಕಿನ ವಾಸನೆ ಇಲ್ಲದ ಪದ ಸಿಕ್ಕರೆ ‘ಟೊಳ್ಳು’ ಬಿಟ್ಟು ಅದನ್ನೇ ಬರೆಯುತ್ತೇನೆ.