ದೊಡ್ಡವಳ ಊರು, ಚಿಕ್ಕವಳ ಊರು

ಅಕ್ಕಾ, ಬೆಳಿಗ್ಗೆ ನೀನು ಗ್ರೂಪಿನಲ್ಲಿ ಕೇಳಿದ್ದನ್ನು ಈಗ ನೋಡಿದೆ. "ಮಕ್ಕಳ ಸ್ಕೂಲು ಹೇಗಿದೆ ಅಂತ ಕೇಳಿದ್ರೆ ಪ್ರತಿ ಸಲ 'ಚೆನ್ನಾಗಿದೆ' ಅಂತ ಒಂದೇ ಮಾತು ಹಾಕ್ತೀಯ, ಸ್ವಲ್ಪ ಬಿಡಿಸಿ ಹೇಳೋ" ಅಂದಿದ್ದೀಯ. ಅದರ ಕೆಳಗೇ ಭಾವನ ಮೆಸೇಜು. "ಸಂಜೆ ವ್ಯಾಪಾರದ ಹೊತ್ತಲ್ಲಿ ಜೆರಾಕ್ಸ್ ಅಂಗಡಿ ಶಟರ್ ಎಳೆದು ದಿನಾ ನೀನೇ ಹೋಗೋದು ಯಾಕೆ, ಒಂದು ಆಟೋಗೆ ಹೇಳಿಬಿಡು" ಅಂತ. ಎರಡು ಪ್ರಶ್ನೆಗೂ ಉತ್ತರ ಒಂದೇ. ಆದರೆ ಅದು ಟೈಪ್ ಮಾಡುವಷ್ಟು ಚಿಕ್ಕದಲ್ಲ. ಅದಕ್ಕೇ ಮಾತಲ್ಲೇ ಹೇಳುತ್ತೇನೆ. ನೀನು ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿದ್ದೀಯ, ಬಿಡುವಾದಾಗ ಕೇಳು. ಅಮ್ಮನಿಗೂ ಕೇಳಿಸು.

ಗೇಟಿನ ಹತ್ತಿರ ನಿಂತು "ಇವತ್ತು ಸ್ಕೂಲಲ್ಲಿ ಏನಾಯ್ತು?" ಅಂತ ಕೇಳಿದರೆ ಇಬ್ಬರದೂ ಒಂದೇ ಉತ್ತರ. "ಏನಿಲ್ಲ." ಮೊದಮೊದಲು ನಾನು ಅದನ್ನೇ ನಂಬಿದ್ದೆ. ಆಮೇಲೆ ಗೊತ್ತಾಯಿತು, ಕೇಳಬಾರದು. ಸುಮ್ನೆ ಎರಡು ಬ್ಯಾಗೂ ಹೆಗಲಿಗೆ ಹಾಕಿಕೊಂಡು ನಡೆಯಬೇಕು. ಬಸವನಹಳ್ಳಿ ಕೆರೆ ಹತ್ತಿರ ಬರುವಷ್ಟರಲ್ಲಿ ಒಬ್ಬಳು ಶುರು ಮಾಡುತ್ತಾಳೆ. ಇನ್ನೊಬ್ಬಳು "ಹಾಗಲ್ಲ ಅಪ್ಪಾ, ನಾನು ಹೇಳ್ತೀನಿ" ಅಂತ ಬಾಯಿ ಹಾಕುತ್ತಾಳೆ. ಮನೆ ಮೆಟ್ಟಿಲು ಹತ್ತುವ ಹೊತ್ತಿಗೆ ಇಡೀ ದಿನ ಹೊರಗೆ ಬಂದಿರುತ್ತದೆ. ಒಂದು ಸಲ ಮನೆ ಒಳಗೆ ಹೋದರೆ ಮುಗಿಯಿತು, ಟಿವಿ, ತಿಂಡಿ, ಜಗಳ. ಅದಕ್ಕೇ ಭಾವಾ, ಆಟೋ ಬೇಡ ಅನ್ನುವುದು. ಆ ಇಪ್ಪತ್ತು ನಿಮಿಷದ ದಾರಿಯಲ್ಲೇ ನನಗೆ ನನ್ನ ಮಕ್ಕಳು ಸಿಗುವುದು.

ಬೆಳಗಿನ ಪಾಡು ನಿಮಗೆ ಗೊತ್ತೇ ಇದೆ. ಇವಳು ಏಳು ಗಂಟೆಯ ಕಡೂರು ಬಸ್ಸಿಗೆ ಹೊರಡುತ್ತಾಳೆ. ಆಮೇಲೆ ಎರಡು ತಲೆ, ನಾಲ್ಕು ಜಡೆ, ನಾಲ್ಕು ರಿಬ್ಬನ್ ನನ್ನ ಪಾಲು. ಈಗ ಚೆನ್ನಾಗಿ ಕೈ ಕೂತಿದೆ.

ಜುಲೈ ತಿಂಗಳ ಮಳೆಯಲ್ಲಂತೂ ಕಣ್ಣು ಬಿಡುವ ಮೊದಲೇ ಪ್ರಶ್ನೆ. "ಅಪ್ಪಾ, ಡಿಸಿ ರಜೆ ಕೊಟ್ರಾ?" ಅಂಗಡಿ ಇರುವುದರಿಂದ ಆದೇಶದ ಕಾಪಿ ನನ್ನ ಮೊಬೈಲಿಗೆ ಬೇಗ ಬಂದುಬಿಡುತ್ತದೆ. ಓದಿದರೆ ಕೊಪ್ಪ, ಶೃಂಗೇರಿ, ಮೂಡಿಗೆರೆ, ಕಳಸ, ಎನ್.ಆರ್.ಪುರ ಎಲ್ಲ ಇರುತ್ತದೆ. ಚಿಕ್ಕಮಗಳೂರು ತಾಲ್ಲೂಕು ಅಂತಲೂ ಇರುತ್ತದೆ, ಆದರೆ ಮಳೆ ಜಾಸ್ತಿ ಇರುವ ಕೆಲವು ಹೋಬಳಿಗೆ ಮಾತ್ರ. ಪೇಟೆ ಮಕ್ಕಳಿಗೆ ಇಲ್ಲ. ನಿನ್ನ ಮಕ್ಕಳು ಅಲ್ಲಿ ಹಲಸಿನ ಹಪ್ಪಳ ಸುಟ್ಟುಕೊಂಡು ಕೂತಿರುವ ಫೋಟೋ ಅದೇ ಹೊತ್ತಿಗೆ ಗ್ರೂಪಿಗೆ ಬರುತ್ತದೆ! ಆವತ್ತು ಇವರಿಬ್ಬರ ಮುಖ ನೋಡಲಾಗುವುದಿಲ್ಲ. ರಜೆ ಕೊಟ್ಟ ದಿನಗಳ ಪಾಠವನ್ನು ಆಮೇಲೆ ಶನಿವಾರ ಪೂರ್ತಿ ದಿನ ನಡೆಸಿ ಸರಿದೂಗಿಸುತ್ತಾರೆ ಅಂತ ಎಷ್ಟು ಹೇಳಿದರೂ ಸಮಾಧಾನವಿಲ್ಲ. ಸರ್ಕಾರದಿಂದ ಬಂದ ಶೂ ಒಂದೇ ಜೊತೆ, ಸಾಕ್ಸ್ ಎರಡು ಜೊತೆ. ಸಾಕ್ಸ್ ಹೇಗೋ ಆಗುತ್ತದೆ. ಶೂ ಒಳಗೆ ಹಳೇ ಪೇಪರ್ ಉಂಡೆ ಮಾಡಿ ತುರುಕಿ ಒಲೆ ಪಕ್ಕ ಇಡುತ್ತಿದ್ದೆ. ರಾತ್ರಿ ಒಂದು ಸಲ ಎದ್ದು ಒದ್ದೆ ಪೇಪರ್ ತೆಗೆದು ಒಣಗಿದ್ದು ತುಂಬಿಸಿದರೆ ಬೆಳಿಗ್ಗೆಗೆ ಹಾಕಿಕೊಳ್ಳುವ ಹಾಗಾಗುತ್ತದೆ. ನಿನಗೂ ಬೇಕಾದೀತು ಅಂತ ಹೇಳಿದೆ.

ಇನ್ನು ಮೊಟ್ಟೆ ವಿಷಯ. ಇದನ್ನು ಹೇಳಲೇಬೇಕು.

ನಾವು ಓದುವಾಗ ಮನೆಯಿಂದ ಡಬ್ಬಿ ಒಯ್ಯುತ್ತಿದ್ದೆವು. ಈಗ ಬೆಳಿಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ. ಹಾಲು 2013ರಲ್ಲಿ ಶುರುವಾದದ್ದು. ಈಗ ಕೆಲವು ದಿನ ಅದಕ್ಕೆ ರಾಗಿ ಮಾಲ್ಟ್ ಪುಡಿ ಬೆರೆಸಿ ಕೊಡುತ್ತಾರೆ, ಚಿಕ್ಕವಳು ಲೋಟದ ತಳ ಬೆರಳು ಹಾಕಿ ನೆಕ್ಕುತ್ತಾಳೆ. ಮೊಟ್ಟೆ ವಾರಕ್ಕೆ ಎರಡು ದಿನ ಇದ್ದದ್ದು 2024ರಿಂದ ಆರು ದಿನ ಆಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು.

ಒಂದು ದಿನ ಗೇಟಿನ ಹತ್ತಿರ ಅಡುಗೆಯ ಅಕ್ಕ ನನ್ನನ್ನು ನಿಲ್ಲಿಸಿದರು. "ಅಣ್ಣಾ, ನಿಮ್ಮ ದೊಡ್ಡವಳು ದಿನಾ ಊಟ ತಣ್ಣಗೆ ಮಾಡಿಕೊಂಡು ತಿಂತಾಳೆ, ಗೊತ್ತಾ?" ಅಂದರು. ನನಗೆ ಗೊತ್ತಿರಲಿಲ್ಲ. ಊಟಕ್ಕೆ ಒಂದನೇ ಕ್ಲಾಸಿನವರನ್ನು ಮೊದಲು ಕೂರಿಸುತ್ತಾರಂತೆ. ನಾಲ್ಕನೇ ಕ್ಲಾಸಿನ ಸಾಲು ಆ ಕಡೆ. ನಮ್ಮ ದೊಡ್ಡವಳು ತನ್ನ ತಟ್ಟೆಗೆ ಅನ್ನ ಸಾರು ಹಾಕಿಸಿಕೊಂಡು, ಅದನ್ನು ಹಾಗೇ ತನ್ನ ಜಾಗದಲ್ಲಿ ಇಟ್ಟು, ತಂಗಿ ಹತ್ತಿರ ಹೋಗುತ್ತಾಳಂತೆ. ಪುಟ್ಟಿಗೆ ಮೊಟ್ಟೆ ಸುಲಿಯಲು ಬರುವುದಿಲ್ಲ. ಸಿಪ್ಪೆ ಜೊತೆ ಅರ್ಧ ಮೊಟ್ಟೆಯೂ ಕಿತ್ತು ಬರುತ್ತದೆ. ಇವಳು ನೆಲಕ್ಕೆ ಮೆಲ್ಲಗೆ ಕುಟ್ಟಿ, ಅಂಗೈಯಲ್ಲಿ ಉರುಳಿಸಿ, ಆ ತೆಳು ಪೊರೆಗೆ ಉಗುರು ಕೊಟ್ಟು ಒಂದೇ ಸುತ್ತಿಗೆ ಬಿಡಿಸಿ ಕೊಡುತ್ತಾಳಂತೆ. ಸಿಪ್ಪೆಯನ್ನು ತನ್ನ ಕೈಯಲ್ಲೇ ಇಟ್ಟುಕೊಂಡು ವಾಪಸ್ಸು ಹೋಗುತ್ತಾಳಂತೆ. ಜೂನ್ ತಿಂಗಳಿಂದ ಹೀಗೇ ನಡೆದಿದೆ.

ದಾರಿಯಲ್ಲಿ ನಾನು ಏನೂ ಕೇಳಲಿಲ್ಲ. ಕೆರೆ ಹತ್ತಿರ ಬಂದಾಗ ಚಿಕ್ಕವಳೇ ಹೇಳಿದಳು. "ಅಪ್ಪಾ, ಹಳದಿ ಭಾಗ ಅಕ್ಕನಿಗೆ ಕೊಡ್ತೀನಿ, ನಂಗೆ ಬಿಳೀದು ಸಾಕು." ದೊಡ್ಡವಳು ಕೂಡಲೇ, "ನಾನು ಕೇಳಲ್ಲ ಅಪ್ಪಾ, ಅವಳೇ ಕೊಡ್ತಾಳೆ" ಅಂದಳು. ಅವಳ ಧ್ವನಿಯಲ್ಲಿ ಸ್ವಲ್ಪ ಭಯ ಇತ್ತು, ಎಲ್ಲಿ ಬೈಯುತ್ತೇನೋ ಅಂತ. ಅಕ್ಕಾ, ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವಳ ತಲೆ ಮೇಲೆ ಕೈ ಇಟ್ಟೆ, ಅಷ್ಟೇ.

ಈಗ ಚಿಕ್ಕವಳ ಓದಿನ ಕಥೆ. ಅವಳಿಗೆ ನಲಿಕಲಿ. ಒಂದರಿಂದ ಮೂರನೇ ಕ್ಲಾಸಿನವರೆಗೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಕಾರ್ಡು ಹಿಡಿಸಿ ಕಲಿಸುತ್ತಾರೆ. ಅಲ್ಲಿ ನಮ್ಮ ಹಾಗೆ ಅ ಆ ಇ ಈ ಅಂತ ಶುರುವಾಗುವುದಿಲ್ಲ. ರ ಗ ಸ ದ ಅ. ಮೊದಲ ಸಲ ಅವಳು ಹಾಗೆ ಹೇಳಿದಾಗ ಅಮ್ಮ ಫೋನಿನಲ್ಲೇ "ಏನೋ ಇದು, ಅ ಎಲ್ಲಿ ಹೋಯ್ತು?" ಅಂತ ಗಾಬರಿಯಾಗಿದ್ದರು, ನೆನಪಿದೆಯಾ? ನನಗೂ ಹಾಗೇ ಆಗಿತ್ತು. ಆಮೇಲೆ ಅವರ ಟೀಚರ್ ಬಿಡಿಸಿ ಹೇಳಿದರು. ಬರೆಯಲು ಸುಲಭವಾದ, ಒಂದನ್ನೊಂದು ಹೋಲುವ ಅಕ್ಷರ ಮೊದಲು. ಇಷ್ಟೇ ಐದು ಅಕ್ಷರ ಬಂದರೂ ಮಗು ಆವತ್ತೇ ಪದ ಓದಬಹುದು. ಸರ, ಅರಸ, ಅಗಸ, ಗರಗಸ. ಲೆಕ್ಕ ಹಾಕಿ ನೋಡು, ಒತ್ತಿಲ್ಲ, ಗುಣಿತವಿಲ್ಲ, ಐದೇ ಅಕ್ಷರದಲ್ಲಿ ಒಂದು ಗರಗಸ ಬಂತು. ನನಗೆ ಇದು ತುಂಬ ಹಿಡಿಸಿತು. ಐದರ ನಂತರ ಜ ವ ಮ ಬ ನ.

ಆ ಹತ್ತು ಅಕ್ಷರ ಬಂದ ಮೇಲೆ ದಾರಿಯಲ್ಲಿ ಅವಳನ್ನು ನಡೆಸುವುದೇ ಕಷ್ಟವಾಯಿತು. ಅಂಗಡಿ ಬೋರ್ಡು, ಗೋಡೆ ಬರಹ, ಸಿಮೆಂಟ್ ಚೀಲ, ಯಾವುದನ್ನೂ ಬಿಡುವುದಿಲ್ಲ. ಗೊತ್ತಿಲ್ಲದ ಅಕ್ಷರ ಹಾರಿಸಿ ಗೊತ್ತಿರುವುದನ್ನು ಮಾತ್ರ ಗಟ್ಟಿಯಾಗಿ ಕೂಗುತ್ತಾಳೆ. ಹೋದ ತಿಂಗಳು ಒಂದು ಸಂಜೆ ರಸ್ತೆ ದಾಟಲು ನಿಂತಿದ್ದೆವು. ಕಡೂರು ಕಡೆಯಿಂದ ಕೆಂಪು ಬಸ್ಸು ಬಂತು. ಮುಂದೆ ದೊಡ್ಡದಾಗಿ ಚಿಕ್ಕಮಗಳೂರು ಅಂತ ಬೋರ್ಡು. ಇವಳು ನನ್ನ ಕೈ ಜಗ್ಗಿ ಕೂಗಿದಳು.

"ಅಪ್ಪಾ! ಮ, ಗ. ಮಗ! ಬಸ್ಸಲ್ಲಿ ಮಗ ಇದ್ದಾನೆ!"

ನೋಡಿದರೆ ಹೌದು. ಚಿಕ್ಕಮಗಳೂರಿನ ನಡುವೆ ಎರಡೇ ಅಕ್ಷರ ಬೋಳಾಗಿ ನಿಂತಿವೆ, ಒತ್ತಿಲ್ಲ, ಕೊಂಬಿಲ್ಲ. ನಲವತ್ತು ವರ್ಷದಿಂದ ಆ ಬೋರ್ಡು ನೋಡುತ್ತಿದ್ದೇನೆ, ನನಗೆ ಕಂಡಿರಲಿಲ್ಲ. ಕೊನೆಯ ಅಕ್ಷರ ತೋರಿಸಿ, "ಅದು ರ, ಆದ್ರೆ ಅದಕ್ಕೆ ಬಾಲ ಬಂದಿದೆ" ಅಂದಳು. ದೊಡ್ಡವಳು ಸುಮ್ಮನಿರುತ್ತಾಳಾ? "ಮಗ ಅಲ್ಲ ಕಣೇ, ಪೂರ್ತಿ ಓದು. ಮಗಳ ಊರು. ಚಿಕ್ಕ ಮಗಳ ಊರು" ಅಂದಳು. ಅಂದವಳು ಅಲ್ಲೇ ನಿಂತುಬಿಟ್ಟಳು. ಚಿಕ್ಕವಳಿಗೆ ಅರ್ಥವಾಗಲು ಒಂದು ಕ್ಷಣ ಸಾಕಾಯಿತು. "ಚಿಕ್ಕ ಮಗಳು ಅಂದ್ರೆ ನಾನು! ಇದು ನನ್ನ ಊರು!" ಮನೆ ತನಕ ಕುಣಿದುಕೊಂಡು ಬಂದಳು. ಆ ಮರ ನನ್ನದು, ಈ ಸರ್ಕಲ್ ನನ್ನದು, ಕೆರೆ ನನ್ನದು.

ದೊಡ್ಡವಳು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮಲಗುವಾಗ ಗೋಡೆ ಕಡೆ ತಿರುಗಿಕೊಂಡು ಕೇಳಿದಳು. "ಅಪ್ಪಾ, ಊರು ಪೂರ್ತಿ ಅವಳದಾ? ನಾನು ಯಾವ ಊರವಳು?"

ಅಕ್ಕಾ, ಬೇರೆಯವರಿಗೆ ಇದು ಮಕ್ಕಳ ಮಾತು ಅನಿಸಬಹುದು. ಪಕ್ಕದಲ್ಲಿ ಮಲಗಿದ್ದ ನನಗೆ ಹಾಗೆ ಅನಿಸಲಿಲ್ಲ. ಅವಳಿಗೆ ಮೂರು ವರ್ಷ ತುಂಬಿದ ಹೊತ್ತಿಗೆ ಇವಳು ಹುಟ್ಟಿದಳು. ಆವತ್ತಿನಿಂದ ನಾವೆಲ್ಲ ಅವಳನ್ನು 'ದೊಡ್ಡವಳು' ಅಂತಲೇ ಕರೆಯುತ್ತಿದ್ದೇವೆ. ಮೂರು ವರ್ಷದ ಮಗು ದೊಡ್ಡದಾ? ತೊಟ್ಟಿಲು ಕೊಟ್ಟಳು, ಅಮ್ಮನ ಮಗ್ಗುಲು ಕೊಟ್ಟಳು, ಈಗ ದಿನಾ ಮೊಟ್ಟೆ ಸುಲಿದು ಕೊಡುತ್ತಿದ್ದಾಳೆ. ಇನ್ನು ಊರೂ ಇಲ್ಲ ಅಂದರೆ?

ಆಗ ನಮ್ಮ ಮೇಷ್ಟ್ರು ಹೇಳುತ್ತಿದ್ದ ಕಥೆ ನೆನಪಾಯಿತು. ಸಖರಾಯಪಟ್ಟಣದ ಅರಸ ರುಕ್ಮಾಂಗದ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳಿಗೆ ಬಳುವಳಿಯಾಗಿ ಕೊಟ್ಟದ್ದು ಚಿಕ್ಕಮಗಳೂರು, ಹಿರಿಯವಳಿಗೆ ಕೊಟ್ಟದ್ದು ಹಿರೇಮಗಳೂರು ಅಂತ ಹೇಳುತ್ತಾರಲ್ಲ, ಅದೇ. ಕತ್ತಲಲ್ಲೇ ಹೇಳಿದೆ. ಎದ್ದು ಕೂತಳು. "ನಿಜವಾಗ್ಲೂ ಇದೆಯಾ? ಬಸ್ ಹೋಗತ್ತಾ?" ಬಸ್ಸು ಯಾಕೆ, ಈಗ ಅದು ನಮ್ಮ ಪೇಟೆಗೇ ಸೇರಿಹೋಗಿದೆ, ಭಾನುವಾರ ಕರೆದುಕೊಂಡು ಹೋಗುತ್ತೇನೆ ಅಂದೆ.

ಭಾನುವಾರ ಸ್ಕೂಟಿಯಲ್ಲಿ ಮೂರೂ ಜನ ಹೊರಟೆವು. ದೊಡ್ಡವಳಿಗೆ ಹಬ್ಬದ ಲಂಗವೇ ಬೇಕಾಯಿತು. ಅವಳ ಊರಿಗೆ ಹೋಗುವುದಲ್ವಾ. ಹಿರೇಮಗಳೂರು ಅಂತ ಬರೆದ ಬೋರ್ಡಿನ ಮುಂದೆ ಗಾಡಿ ನಿಲ್ಲಿಸಿದೆ. ಅವಳು ಇಳಿದು, ಹತ್ತಿರ ಹೋಗಿ, ಒಂದೊಂದೇ ಅಕ್ಷರಕ್ಕೆ ಬೆರಳು ಇಟ್ಟು ಓದಿದಳು. ಚಿಕ್ಕವಳು ಗಾಡಿ ಮೇಲಿಂದಲೇ, "ಇಲ್ಲೂ ಮಗ ಇದ್ದಾನೆ!" ಅಂತ ಕೂಗಿದಳು.

ಕೋದಂಡರಾಮನ ಗುಡಿಗೆ ಹೋದೆವು. ನೀನು ಮದುವೆಗೆ ಮೊದಲು ಅಲ್ಲಿಗೆ ಹೋಗುತ್ತಿದ್ದೆಯಲ್ಲ. ಅಲ್ಲಿ ಪೂಜೆ ಕನ್ನಡದಲ್ಲೇ. ಮಂಗಳಾರತಿ ಹೊತ್ತಿಗೆ ದೊಡ್ಡವಳು ಬಾಯಿ ತೆರೆದುಕೊಂಡು ಕೇಳುತ್ತಾ ನಿಂತಿದ್ದಳು. ಹೊರಗೆ ಬಂದು, "ಅಪ್ಪಾ, ನನ್ನ ಊರಲ್ಲಿ ದೇವರಿಗೆ ನಮ್ಮ ಥರಾನೇ ಮಾತಾಡ್ತಾರೆ, ನಂಗೆ ಎಲ್ಲಾ ಅರ್ಥ ಆಯ್ತು" ಅಂದಳು. ಇನ್ನೊಂದು ನೋಡಿಬಿಟ್ಟಿದ್ದಳು. ಸೀತೆ ರಾಮನ ಬಲಗಡೆ ನಿಂತಿದ್ದಾಳೆ, ಲಕ್ಷ್ಮಣ ಎಡಗಡೆ. ನಮ್ಮ ಮನೆ ಫೋಟೋದಲ್ಲಿ ಹಾಗಿಲ್ಲ. ಪರಶುರಾಮ ಕೇಳಿಕೊಂಡದ್ದಕ್ಕೆ ರಾಮ ಇಲ್ಲಿ ಮದುವೆಯ ದಿನ ನಿಂತ ಹಾಗೆ ಕಾಣಿಸಿಕೊಂಡ ಅಂತ ಸ್ಥಳಪುರಾಣ. ಅದನ್ನು ಹೇಳಿದೆ. "ಹಾಗಾದ್ರೆ ನನ್ನ ಊರಲ್ಲಿ ದಿನಾ ಮದುವೆ" ಅಂದಳು.

ಇದಾಗಿ ಎರಡು ವಾರಕ್ಕೆ ಅವಳ ಕ್ಲಾಸ್ ಟೀಚರ್ ಕರೆಸಿದರು. ಏನು ತಪ್ಪು ಮಾಡಿದಳೋ ಅಂತ ಹೋದೆ. ಅವರು ಅವಳ ಕನ್ನಡ ನೋಟ್‌ಬುಕ್ ಮುಂದಿಟ್ಟು, "ಮನೆ ಬದಲಾಯಿಸಿದ್ರಾ? ದಾಖಲೆಯಲ್ಲಿ ವಿಳಾಸ ತಿದ್ದಬೇಕಾ?" ಅಂತ ಕೇಳಿದರು. ಲೇಬಲ್ಲಿನಲ್ಲಿ ಹೆಸರು, ತರಗತಿ, ಶಾಲೆ ಎಲ್ಲ ಸರಿಯಾಗಿತ್ತು. ಊರು ಅನ್ನುವ ಕಡೆ ಚಿಕ್ಕಮಗಳೂರು ಅಂತ ಇದ್ದದ್ದನ್ನು ರಬ್ಬರಿನಲ್ಲಿ ಉಜ್ಜಿ, ದುಂಡಗೆ ಹಿರೇಮಗಳೂರು ಅಂತ ಬರೆದಿದ್ದಳು. ಆರೂ ನೋಟ್‌ಬುಕ್ಕಿನಲ್ಲಿ ಹಾಗೇ. ಟೀಚರಿಗೆ ಬಸ್ ಬೋರ್ಡಿನಿಂದ ಹಿಡಿದು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, ನೋಟ್‌ಬುಕ್ ಮುಚ್ಚಿ, "ಇರಲಿ ಬಿಡಿ, ಹಾಗೇ ಇರಲಿ" ಅಂದರು.

ಮನೆಗೆ ಬಂದು ನಾನೂ ಅವಳಿಗೆ ಏನೂ ಹೇಳಲಿಲ್ಲ. ಕೊಯ್ಲು ಮುಗಿದ ಮೇಲೆ ನೀನು, ಭಾವ ಮಕ್ಕಳನ್ನು ಕರೆದುಕೊಂಡು ಬನ್ನಿ. ಅತ್ತೆ ಬಂದರೆ ಮೊದಲ ದಿನ ತನ್ನ ಊರಲ್ಲೇ ಇರಬೇಕು, ಆಮೇಲೆ ಬೇಕಾದರೆ ತಂಗಿ ಊರಿಗೆ ಹೋಗಬಹುದು ಅಂತ ಈಗಲೇ ಹೇಳಿಟ್ಟಿದ್ದಾಳೆ. ಸರಿ ಅಕ್ಕಾ, ನಾಲ್ಕು ಗಂಟೆ ಆಯಿತು. ಶಟರ್ ಎಳೆಯುತ್ತೇನೆ.